ಇಪ್ಪತ್ತೊಂದು ಚಪ್ಪಲಿ

ಮೂರನೇ ಕ್ಲಾಸೆಂದರೆ ಹನ್ನೊಂದು ಮಕ್ಕಳು.
ಪರಿಸರ ಪಾಠದ ಆರನೆಯ ಘಟಕ:
ನಿಮ್ಮೂರಿನ ಹಳೆಯ ಸ್ಥಳವೊಂದನ್ನು ನೋಡಿ ಬಂದು
ಐದು ವಾಕ್ಯ ಬರೆಯಿರಿ.
ನಮಗೆ ಕೋಟೆಯಿಲ್ಲ, ಮ್ಯೂಸಿಯಂ ಇಲ್ಲ.
ಪೈವಳಿಕೆ ದಾಟಿದರೆ ಶಾಲೆ, ಶಾಲೆಯ ಹಿಂದೆ ಪದವು,
ಪದವಿನ ಆಚೆ ತುದಿಗೆ ದೈವದ ಸ್ಥಾನ.

ಹೊರಟೆವು. ಮುಳಿಹುಲ್ಲು ನನ್ನ ಮೊಣಕಾಲಿಗೆ,
ಶ್ರೀನಂದಳ ಸೊಂಟಕ್ಕೆ.
ಕೇಪುಳ ಹಣ್ಣಿಗೆ ನಿಂತವರನ್ನು ಎಳೆದು
ಸುರಂಗದ ಬಾಯಿಗೆ ಹೋ ಎಂದವರನ್ನು ಎಳೆದು
(ಸುರಂಗವೂ ಹೋ ಎಂದಿತು, ಸ್ವಲ್ಪ ತಡವಾಗಿ, ತಣ್ಣಗೆ)
ಮುರಕಲ್ಲಿನ ಕಟ್ಟೆ ಕಾಣುವಾಗ ಹತ್ತೂವರೆ ದಾಟಿತ್ತು.

ಚಪ್ಪಲಿ ಬಿಡಿಸಿದೆ, ಸಾಲಾಗಿ ಇಡಿಸಿದೆ.
ಎಣಿಸುವುದು ನನ್ನ ಚಾಳಿ.
ಇಪ್ಪತ್ತೆರಡು.

ಬಾಗಿಲು ಹಾಕಿತ್ತು.
ಸಂಕ್ರಮಣಕ್ಕೆ ಮಾತ್ರ ತೆರೆಯುವುದೆಂದು ಮೊದಲೇ ಹೇಳಿದ್ದರೆ
ಕೇಪುಳದ ಹತ್ತಿರವೇ ಉಳಿದುಬಿಡುತ್ತಿದ್ದರು.
ಅಂಗಳ ಗುಡಿಸುತ್ತಿದ್ದ ಐತಪ್ಪ ಬೆಳ್ಚಪ್ಪಾಡರು
ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಬಂದರು.

ಮಿಸ್ಬಾ ಮೆಟ್ಟಿಲ ಕೆಳಗೇ ನಿಂತಳು.
"ಹೊರಗಿನಿಂದ ನೋಡಿದರೆ ಸಾಕು ಅಂತ ಉಮ್ಮ ಹೇಳಿದ್ದಾರೆ."
"ಹೊರಗಿನಿಂದಲೇ ಮಗಾ ಎಲ್ಲರೂ ನೋಡುವುದು.
ನಲವತ್ತು ವರ್ಷ ಆಯಿತು, ನಾನೂ ಹಾಗೆಯೇ."

ಹಲಗೆಯ ಬಿರುಕಿಗೆ ಒಬ್ಬೊಬ್ಬರೇ ಕಣ್ಣಿಟ್ಟರು.
ಜೊವಿಟಾಳಿಗೆ ಕತ್ತಲೆ ಕಂಡಿತು.
ಅನ್ವಿತನಿಗೆ ಒಂದು ಉಯ್ಯಾಲೆ, ಮೇಲೆ ಯಾರೂ ಇಲ್ಲ.
ಕೃತಿನನಿಗೆ ಅದೇ ಉಯ್ಯಾಲೆ, ತೂಗುತ್ತಿತ್ತು.
ಜಗಳವಾಯಿತು.
ಮತ್ತೊಮ್ಮೆ ನೋಡಿದರು. ಈ ಸಲ ಎಲ್ಲರಿಗೂ ತೂಗಿತು.

ಒಳಗೆ ಯಾರು?
ಹೆಸರನ್ನು ದೊಡ್ಡಕ್ಕೆ ಹೇಳಬಾರದು ಎಂದರು ಬೆಳ್ಚಪ್ಪಾಡರು,
ಸಣ್ಣಕ್ಕೆ ಹೇಳಿದರು.
ಮೂರ್ತಿ ಯಾಕಿಲ್ಲ?
ಒಬ್ಬನೇ ಇದ್ದರೆ ಬೇಜಾರಾಗುವುದಿಲ್ಲವಾ?
ಅದಕ್ಕೆ ರಜೆ ಉಂಟಾ?
ಅದು ಮಾತಾಡುವ ಭಾಷೆ ಯಾವುದು?

ಇದೊಂದಕ್ಕೆ ಕೂತು ಉತ್ತರ ಕೊಟ್ಟರು.
ನೇಮದ ದಿನ ನುಡಿ ಕೊಡುವುದು ತುಳುವಿನಲ್ಲಿ.
ತೆಂಕಿನಿಂದ ಬಂದವರ ದೂರನ್ನು ಮಲೆಯಾಳದಲ್ಲೇ ಕೇಳುತ್ತದೆ.
ಎಣ್ಣೆ, ಬತ್ತಿ, ಅಕ್ಕಿಯ ಲೆಕ್ಕ ಕನ್ನಡ, ಪುಸ್ತಕ ನನ್ನ ಕೈಲಿ ಉಂಟು.
"ಸಿಟ್ಟು ಬಂದರೆ?"
"ಸಿಟ್ಟು ಬಂದರೆ ಮಾತೇ ಇಲ್ಲ."
ಹತ್ತು ಮಕ್ಕಳು ತಿರುಗಿ ನನ್ನ ಮುಖ ನೋಡಿದರು.

ಹನ್ನೊಂದನೆಯವಳು ಶ್ರೀನಂದ. ಅವಳಿಗೆ ಬೇರೆಯೇ ಚಿಂತೆ:
"ಅದು ನಡೆಯುತ್ತದಾ ಅಜ್ಜ?"
"ರಾತ್ರಿ. ಪದವಿನ ಉದ್ದಕ್ಕೂ."
"ಹಗಲು?"
"ಹಗಲು ಕಲ್ಲು ಸುಡುತ್ತದಲ್ಲ."

ಹೊರಡುವಾಗ ಎಣಿಸಿದೆ. ಇಪ್ಪತ್ತೊಂದು.
ಕಳೆಯುವ ಲೆಕ್ಕ ಕಲಿಸುವವಳು ನಾನು,
ಮೂರು ಸಲ ಎಣಿಸಿದೆ.
ಪೊದೆಯೊಳಗೆ ಹುಡುಕಿದೆವು, ನಾಯಿಯನ್ನು ಬೈದೆವು.
ಮೇಲಿನ ಮೆಟ್ಟಿಲಲ್ಲಿತ್ತು, ಬಾಗಿಲಿಗೆ ಮುಖ ಮಾಡಿ,
ಹಸಿರು ಪಟ್ಟಿಯದು, ಒಂದೇ.

"ಎರಡೂ ಕೊಟ್ಟರೆ ಅಮ್ಮ ಬಯ್ಯುತ್ತಾರೆ," ಎಂದಳು.

ನನ್ನ ಬಾಯಿ ಒಣಗಿತು. ಚಪ್ಪಲಿ, ಅದೂ ಮೆಟ್ಟಿಲ ಮೇಲೆ.
ಬೆಳ್ಚಪ್ಪಾಡರು ಎರಡು ಬೆರಳಲ್ಲಿ ಎತ್ತಿದರು,
ಬಾಗಿಲು ನೋಡಿದರು, ಅವಳನ್ನು ನೋಡಿದರು.
ಒಳಗೆ ಆಗದು, ಹೊರಗೂ ಬೇಡ, ಎಂದು ತಮಗೇ ಹೇಳಿಕೊಂಡು
ಪೌಳಿಯ ಗೋಡೆಯ ಮೇಲಿಟ್ಟರು.
ಹಿಡಿಸೂಡಿ ತೆಗೆದುಕೊಂಡರು.

ಹಿಂದಕ್ಕೆ ಬರುವಾಗ ಅವಳೇ ಎಲ್ಲರಿಗಿಂತ ಮುಂದೆ.
ಒಂದು ಹೆಜ್ಜೆಗೆ ಸದ್ದು, ಒಂದಕ್ಕೆ ಇಲ್ಲ.
ಕಲ್ಲು ಕಾದ ಕಡೆ ಎತ್ತಿಕೊಂಡೆ,
ಕೊಸರಿ ಇಳಿದಳು.

ಸಂಜೆ ಫೋನು: "ಟೀಚರೇ, ಒರು ಚೆರಿಪ್ಪ್ ಎವಿಡೆ?"
ಯಾವ ಭಾಷೆಯಲ್ಲಿ ಹೇಳಲಿ ಎಂದು ತಡವರಿಸಿದೆ,
ನಾಳೆ ಹೊಸ ಜೊತೆ ತರುತ್ತೇನೆ ಎಂದುಬಿಟ್ಟೆ.

ಸೋಮವಾರ ಪುಸ್ತಕ ತಿದ್ದಲು ಕೂತೆ.
ಅಲ್ಲಿ ಹುಲ್ಲು ಉಂಟು.
ಅಲ್ಲಿ ಸುರಂಗ ಉಂಟು.
ಅಲ್ಲಿ ಅಜ್ಜ ಇದ್ದಾರೆ.
ಅಲ್ಲಿ ಬಾಗಿಲು ಹಾಕಿದೆ.
ಅಲ್ಲಿ ನನ್ನ ಚಪಲಿ ಉಂಟು.

ಕೆಂಪು ಪೆನ್ನಿನಿಂದ ಪಕಾರಕ್ಕೊಂದು ಒತ್ತು ಕೊಟ್ಟೆ.
ಬೇರೆ ತಪ್ಪು ಸಿಗಲಿಲ್ಲ.